ನಿರ್ಮಾಣ ವಿವಾದಗಳ ಇತ್ಯರ್ಥದಲ್ಲಿ ಕ್ವಾಂಟಿಟಿ ಸರ್ವೇಯರ್: ವೃತ್ತಿಯ ಸ್ವರೂಪ ಮತ್ತು ಸಣ್ಣ ಉದ್ಯಮಗಳಿಗೆ ಅದರ ಉಪಯೋಗ

ಕಟ್ಟಡ ಕಾಮಗಾರಿಗಳ ಹಣಕಾಸಿನ ವಿವಾದವೆಂದರೆ ದೊಡ್ಡ ಗುತ್ತಿಗೆ ಕಂಪನಿಗಳಿಗೂ ಸರ್ಕಾರಿ ಇಲಾಖೆಗಳಿಗೂ ನಡುವೆ ನಡೆಯುವ ವ್ಯಾಜ್ಯವೆಂಬ ಭಾವನೆ ವ್ಯಾಪಾರಿ ವಲಯದಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಲ್ಯೂಮಿನಿಯಂ ಕಿಟಕಿ ತಯಾರಿಸುವವರು, ಶೆಡ್ಡುಗಳ ಉಕ್ಕಿನ ಚೌಕಟ್ಟು ಕಟ್ಟಿಕೊಡುವವರು, ವಿದ್ಯುತ್ ಪ್ಯಾನೆಲ್ ಅಳವಡಿಸುವವರು, ಕಾಂಕ್ರೀಟ್ ಬ್ಲಾಕ್ ಪೂರೈಸುವವರು ಎಲ್ಲರೂ ಒಂದಲ್ಲ ಒಂದು ದಿನ ಅಂತಿಮ ಬಿಲ್ಲಿನ ಮುಂದೆ ನಿಲ್ಲಬೇಕಾಗುತ್ತದೆ. ಸ್ವಂತ ಕಾರ್ಖಾನೆ ಕಟ್ಟಿಸುವ ಉದ್ಯಮಿಯೂ ಮೇಜಿನ ಮತ್ತೊಂದು ಬದಿಯಲ್ಲಿ ಕುಳಿತು ಅದೇ ಬಿಲ್ಲನ್ನು ನೋಡುತ್ತಾನೆ. ದೊಡ್ಡ ಕಂಪನಿಗೆ ಹತ್ತು ಲಕ್ಷ ರೂಪಾಯಿ ಬಾಕಿ ನಿಲ್ಲುವುದು ಲೆಕ್ಕಪತ್ರದ ಒಂದು ಸಾಲು ಮಾತ್ರ. ಸಣ್ಣ ಘಟಕಕ್ಕೆ ಅದು ಮುಂದಿನ ಆರ್ಡರಿನ ಕಚ್ಚಾ ಸಾಮಗ್ರಿ, ನೌಕರರ ಸಂಬಳ, ಬ್ಯಾಂಕಿನ ಕಂತು.

ಇಂತಹ ವಿವಾದಗಳಲ್ಲಿ "ಯಾರು ಸರಿ" ಎಂಬ ಪ್ರಶ್ನೆಗೆ ವಕೀಲರು ಉತ್ತರ ಹುಡುಕುತ್ತಾರೆ. "ಎಷ್ಟು" ಎಂಬ ಪ್ರಶ್ನೆಗೆ ಉತ್ತರ ನೀಡಬಲ್ಲವನು ಕ್ವಾಂಟಿಟಿ ಸರ್ವೇಯರ್. ಅನೇಕ ಪ್ರಕರಣಗಳಲ್ಲಿ ಎರಡನೆಯ ಪ್ರಶ್ನೆ ಬಗೆಹರಿದೊಡನೆ ಮೊದಲನೆಯದರ ತೀಕ್ಷ್ಣತೆ ತಾನಾಗಿಯೇ ಕುಗ್ಗುತ್ತದೆ.

ವೃತ್ತಿಯ ಹಿನ್ನೆಲೆ

ಈ ವೃತ್ತಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಮೊದಲು ಕೆಲಸ ಮುಗಿದ ಮೇಲೆ ಅಳೆದು ಬೆಲೆ ಕಟ್ಟುವ ಅಳತೆಗಾರರಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪರ್ಧಾತ್ಮಕ ಟೆಂಡರು ಪದ್ಧತಿ ಬೇರೂರಿದಾಗ ಪ್ರತಿಯೊಬ್ಬ ಗುತ್ತಿಗೆದಾರನೂ ಒಂದೇ ನಕ್ಷೆಯನ್ನು ಪ್ರತ್ಯೇಕವಾಗಿ ಅಳೆಯುವುದು ವ್ಯರ್ಥವೆನಿಸಿ, ಎಲ್ಲರೂ ಸೇರಿ ಒಬ್ಬ ಅಳತೆಗಾರನಿಂದ ಪರಿಮಾಣ ಪಟ್ಟಿ ಮಾಡಿಸಿಕೊಳ್ಳುವ ರೂಢಿ ಬಂದಿತು. ಪರಸ್ಪರ ಪೈಪೋಟಿಯಲ್ಲಿದ್ದವರೆಲ್ಲರೂ ಒಪ್ಪುವ ಲೆಕ್ಕ ಕೊಡಬೇಕಾದ ಆ ಸ್ಥಾನದಿಂದಲೇ ಈ ವೃತ್ತಿಗೆ ನಿಷ್ಪಕ್ಷಪಾತದ ಗೌರವ ದೊರೆಯಿತು. ಇಂದು ಜಗತ್ತಿನಾದ್ಯಂತ ಸದಸ್ಯರನ್ನು ಹೊಂದಿರುವ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ಸಂಸ್ಥೆಯ ಮೂಲ 1868ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸರ್ವೇಯರುಗಳ ಸಂಘ.

ಭಾರತದಲ್ಲಿ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ಲೋಕೋಪಯೋಗಿ ಇಲಾಖೆಯ ಪದ್ಧತಿಯಲ್ಲಿ ಅಳತೆ, ಅಂದಾಜು, ಬಿಲ್ಲು ಇವೆಲ್ಲವೂ ಎಂಜಿನಿಯರನ ಕರ್ತವ್ಯದೊಳಗೇ ಸೇರಿದ್ದವು. ಇಲಾಖೆಯ ಅಳತೆ ಪುಸ್ತಕವೇ ಅಂತಿಮ ಪ್ರಮಾಣವಾಗಿತ್ತು. ಖಾಸಗಿ ನಿರ್ಮಾಣ, ವಿದೇಶಿ ಸಾಲದ ಯೋಜನೆಗಳು ಮತ್ತು ಅಂತರರಾಷ್ಟ್ರೀಯ ಮಾದರಿಯ ಗುತ್ತಿಗೆಗಳು ಹೆಚ್ಚಿದಂತೆ ಈ ಕೆಲಸ ಪ್ರತ್ಯೇಕ ವೃತ್ತಿಯಾಗಿ ಕಾಣಿಸಿಕೊಂಡಿದೆ. ಕಂಪನಿಗಳಲ್ಲಿ "ಬಿಲ್ಲಿಂಗ್ ಎಂಜಿನಿಯರ್", "ಕಾಂಟ್ರ್ಯಾಕ್ಟ್ಸ್ ಮ್ಯಾನೇಜರ್" ಎಂಬ ಹುದ್ದೆಗಳಲ್ಲಿರುವವರು ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸ.

ಅಳತೆಗೂ ಒಂದು ಶಾಸ್ತ್ರವುಂಟು

ಟೇಪು ಹಿಡಿದು ಅಳೆಯುವುದರಲ್ಲಿ ವಿವಾದಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಗೋಡೆಯ ಗಾರೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕಟ್ಟಡ ಕೆಲಸಗಳ ಅಳತೆಯ ವಿಧಾನವನ್ನು ಭಾರತೀಯ ಮಾನಕ ಐಎಸ್ 1200 ತನ್ನ ಹಲವು ಭಾಗಗಳಲ್ಲಿ ನಿಗದಿಪಡಿಸಿದೆ. ಅದರಂತೆ ಗಾರೆಯ ಅಳತೆಯಲ್ಲಿ 0.5 ಚದರ ಮೀಟರಿಗಿಂತ ಹೆಚ್ಚಿಲ್ಲದ ತೆರಪಿಗೆ ಕಳೆಯುವಂತಿಲ್ಲ. 0.5ರಿಂದ 3 ಚದರ ಮೀಟರಿನವರೆಗಿನ ತೆರಪಿಗೆ, ಗೋಡೆಯ ಎರಡೂ ಮುಖಗಳಿಗೆ ಒಂದೇ ಬಗೆಯ ಗಾರೆಯಾಗಿದ್ದರೆ, ಒಂದು ಮುಖದಲ್ಲಿ ಮಾತ್ರ ಕಳೆಯಬೇಕು; ತೆರಪಿನ ಅಂಚುಗಳ ಗಾರೆಯನ್ನು ಪ್ರತ್ಯೇಕವಾಗಿ ಸೇರಿಸುವಂತಿಲ್ಲ. 3 ಚದರ ಮೀಟರ್ ಮೀರಿದ ತೆರಪಿಗೆ ಎರಡೂ ಮುಖಗಳಲ್ಲಿ ಕಳೆದು ಅಂಚುಗಳನ್ನು ಸೇರಿಸಬೇಕು.

1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿಯ ವಿಸ್ತೀರ್ಣ 1.8 ಚದರ ಮೀಟರ್. ಇಂತಹ 80 ಕಿಟಕಿಗಳಿರುವ ಕಟ್ಟಡದಲ್ಲಿ ನಿಯಮದಂತೆ ಕಳೆಯಬೇಕಾದದ್ದು 144 ಚದರ ಮೀಟರ್. ಎರಡೂ ಮುಖಗಳಲ್ಲಿ ಕಳೆದರೆ 288 ಚದರ ಮೀಟರ್ ಆಗುತ್ತದೆ. ಗಾರೆಯವನು ಮಾಡಿದ ಕೆಲಸ ಒಂದೇ, ಕಟ್ಟಡವೂ ಒಂದೇ. ನಿಯಮ ತಿಳಿಯದ ಒಬ್ಬ ಗುಮಾಸ್ತನ ಕೈಯಲ್ಲಿ 144 ಚದರ ಮೀಟರಿನ ಕೂಲಿ ಮತ್ತು ಸಾಮಗ್ರಿ ಕಣ್ಮರೆಯಾಗುತ್ತದೆ. ಗುತ್ತಿಗೆ ಪತ್ರದಲ್ಲಿ ಬೇರೊಂದು ವಿಧಾನವನ್ನು ಸ್ಪಷ್ಟವಾಗಿ ಬರೆದಿದ್ದರೆ ಅದೇ ಅನ್ವಯವಾಗುತ್ತದೆ. ಆದುದರಿಂದ ದರವನ್ನು ಚೌಕಾಸಿ ಮಾಡುವಷ್ಟೇ ಶ್ರದ್ಧೆಯಿಂದ ಅಳತೆಯ ವಿಧಾನವನ್ನೂ ಓದತಕ್ಕದ್ದು. ದರದ ಮೇಲೆ ಐದು ರೂಪಾಯಿಗೆ ಗಂಟೆಗಟ್ಟಲೆ ವಾದಿಸುವವರು ಈ ಒಂದು ಕಲಮನ್ನು ಓದದೆ ಸಹಿ ಹಾಕುವುದು ವಿಚಿತ್ರವಾದರೂ ಅಪರೂಪವಲ್ಲ.

ಒಂದು ಮಾದರಿ ಲೆಕ್ಕ

ಕ್ವಾಂಟಿಟಿ ಸರ್ವೇಯರನು ವಿವಾದವನ್ನು ಹೇಗೆ ಬಿಡಿಸುತ್ತಾನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಒಂದು ಸಣ್ಣ ಫ್ಯಾಬ್ರಿಕೇಷನ್ ಘಟಕವು ಕಾರ್ಖಾನೆಯ ಶೆಡ್ಡಿಗೆ ಸುಮಾರು 40 ಟನ್ ಉಕ್ಕಿನ ಚೌಕಟ್ಟನ್ನು ಕಿಲೋಗೆ ರೂ. 110ರಂತೆ ಮಾಡಿ ನಿಲ್ಲಿಸಲು ಒಪ್ಪಿಕೊಂಡಿದೆ ಎನ್ನೋಣ. ಗುತ್ತಿಗೆಯ ಮೌಲ್ಯ ರೂ. 44 ಲಕ್ಷ. ವಿಳಂಬವಾದರೆ ವಾರಕ್ಕೆ ಶೇ. 0.5ರಂತೆ, ಶೇ. 5ಕ್ಕೆ ಮೀರದಂತೆ ದಂಡ. ಮಾಲೀಕನಿಂದ ತಡವಾದರೆ ಅವಧಿ ವಿಸ್ತರಣೆಗೆ ಅವಕಾಶವಿದೆ. ಕೆಲಸ 10 ವಾರ ತಡವಾಗಿ ಮುಗಿದಿದೆ. ಚಾಲ್ತಿ ಬಿಲ್ಲುಗಳಲ್ಲಿ ರೂ. 34 ಲಕ್ಷ ಪಾವತಿಯಾಗಿದೆ.

ಘಟಕದವರು ವೇಬ್ರಿಡ್ಜಿನ ಚೀಟಿಗಳನ್ನು ಕೂಡಿಸಿ 40,600 ಕಿಲೋ ಎನ್ನುತ್ತಾರೆ, ಮೊತ್ತ ರೂ. 44,66,000. ಇದರೊಂದಿಗೆ ಕ್ರೇನ್ 20 ದಿನ ಸುಮ್ಮನೆ ನಿಂತಿತೆಂದು ದಿನಕ್ಕೆ ರೂ. 9,000ದಂತೆ ರೂ. 1,80,000 ಕೇಳುತ್ತಾರೆ. ಪಾವತಿಯಾದದ್ದನ್ನು ಕಳೆದರೆ ಅವರ ಬೇಡಿಕೆ ರೂ. 12,46,000. ಮಾಲೀಕರ ಎಂಜಿನಿಯರು ನಕ್ಷೆ ನೋಡಿ 37,400 ಕಿಲೋ ಎಂದು ಬರೆದು, ಪೂರ್ಣ ದಂಡ ರೂ. 2,20,000 ಕಳೆದು, ರೂ. 4,94,000 ಮಾತ್ರ ಕೊಡಲು ಸಿದ್ಧರಿದ್ದಾರೆ. ಎರಡೂ ಕಡೆಯವರು ಎದುರಾಳಿ ಮೋಸಗಾರನೆಂದು ನಂಬಿದ್ದಾರೆ.

ಸರ್ವೇಯರನು ಮೊದಲು ಗುತ್ತಿಗೆಯ ಅಳತೆಯ ಕಲಮನ್ನು ಓದುತ್ತಾನೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳಂತೆ ಅಳೆಯಬೇಕೆಂದು ಅಲ್ಲಿದ್ದರೆ, ಕೆಲಸವನ್ನು ಜೋಡಿಸಿದ ಸ್ಥಿತಿಯಲ್ಲಿ ಉದ್ದ ಅಳೆದು ಮಾನಕ ಕೋಷ್ಟಕಗಳ ಪ್ರಕಾರ ತೂಕ ಲೆಕ್ಕ ಹಾಕಬೇಕೇ ಹೊರತು ವೇಬ್ರಿಡ್ಜಿನ ತೂಕವನ್ನಲ್ಲ. ಲಾರಿಯಲ್ಲಿ ತಾತ್ಕಾಲಿಕ ಆಧಾರದ ತುಂಡುಗಳು, ನಂತರ ಕತ್ತರಿಸಿ ಹಾಕಿದ ತುದಿಗಳು, ಬಣ್ಣ, ವೆಲ್ಡಿಂಗ್ ಎಲ್ಲವೂ ಸೇರಿ ತೂಗಿರುತ್ತವೆ. ಆದರೆ ಮಾಲೀಕರ ಲೆಕ್ಕದಲ್ಲಿ ಬೇಸ್ ಪ್ಲೇಟು, ಕ್ಲೀಟು, ಗಸ್ಸೆಟ್ ಪ್ಲೇಟುಗಳು ಬಿಟ್ಟುಹೋಗಿವೆ. ಅವು 1,500 ಕಿಲೋ. ಹೀಗೆ ಸರಿಯಾದ ತೂಕ 38,900 ಕಿಲೋ, ಮೊತ್ತ ರೂ. 42,79,000. ಘಟಕಕ್ಕೆ ರೂ. 1,65,000 ದಕ್ಕಿತು, ರೂ. 1,87,000 ಹೋಯಿತು.

ಬಳಿಕ ವಿಳಂಬ. ಕಂಬಗಳನ್ನು ನಿಲ್ಲಿಸಬೇಕಾದ ಪೆಡೆಸ್ಟಲ್‌ಗಳನ್ನು ಮಾಲೀಕರ ಸಿವಿಲ್ ಗುತ್ತಿಗೆದಾರನು 7 ವಾರ ತಡವಾಗಿ ಒಪ್ಪಿಸಿದನೆಂಬುದು ಆಗಿಂದಾಗಲೇ ಬರೆದ ಪತ್ರಗಳಿಂದ ಸಿದ್ಧವಾಗುತ್ತದೆ. ಉಳಿದ 3 ವಾರ ಘಟಕದ ಸ್ವಂತ ತಡ. ಅದರ ದಂಡ ಹೆಚ್ಚೆಂದರೆ ಶೇ. 1.5, ಅಂದರೆ ರೂ. 66,000. ಕ್ರೇನಿನ ಲಾಗ್ ಪುಸ್ತಕದಲ್ಲಿ ಪೆಡೆಸ್ಟಲ್ ಇಲ್ಲದ ಕಾರಣ ನಿಂತ ದಿನಗಳು 7 ಮಾತ್ರ, ರೂ. 63,000. ಒಟ್ಟು ಲೆಕ್ಕ ರೂ. 42,79,000ರಲ್ಲಿ ರೂ. 34,00,000 ಕಳೆದು ರೂ. 8,79,000, ಅದರಲ್ಲಿ ರೂ. 66,000 ಕಳೆದು ರೂ. 63,000 ಸೇರಿಸಿದರೆ ರೂ. 8,76,000. ತೆರಿಗೆ ಮತ್ತು ಬಡ್ಡಿ ಬೇರೆ.

ಈ ಮೊತ್ತ ಇಬ್ಬರಿಗೂ ಪೂರ್ತಿ ಹಿತವಾಗುವುದಿಲ್ಲ. ಘಟಕವೇ ನೇಮಿಸಿದ ಸರ್ವೇಯರನಾದರೂ ಆತ ಕೊಡಬೇಕಾದ ಅಂಕಿ ಇದೇ. 12,46,000 ರೂಪಾಯಿಗೆ ಹಠ ಹಿಡಿದು ವ್ಯಾಜ್ಯ ಹೂಡಿ, ವರ್ಷಗಳ ನಂತರ ಅದೇ 8,76,000ಕ್ಕೆ ಬಂದು ನಿಲ್ಲುವುದಕ್ಕಿಂತ, ಮೊದಲ ತಿಂಗಳಲ್ಲೇ ತನ್ನ ಕಡೆಯ ತಜ್ಞನಿಂದ ಕಹಿ ಅಂಕಿಯನ್ನು ಕೇಳಿಸಿಕೊಳ್ಳುವುದು ಅಗ್ಗದ ವ್ಯವಹಾರ. ಪೆಡೆಸ್ಟಲ್ ಕುರಿತ ಪತ್ರಗಳಾಗಲಿ ಕ್ರೇನಿನ ಲಾಗ್ ಪುಸ್ತಕವಾಗಲಿ ಇಲ್ಲದಿದ್ದರೆ ಯಾವ ತಜ್ಞನೂ ಆ 7 ವಾರಗಳನ್ನು ಹುಟ್ಟಿಸಿಕೊಡಲಾರ ಎಂಬುದೂ ಗಮನಾರ್ಹ.

ವಿಳಂಬದ ನಷ್ಟ ಮತ್ತು ನ್ಯಾಯಾಲಯಗಳ ನಿಲುವು

ತೂಕ, ವಿಸ್ತೀರ್ಣಗಳಿಗಿಂತ ಕ್ಲಿಷ್ಟವಾದುದು ವಿಳಂಬದಿಂದಾದ ನಷ್ಟದ ಲೆಕ್ಕ. ಕಾಮಗಾರಿ ಆರು ತಿಂಗಳು ಎಳೆದರೆ ಗುತ್ತಿಗೆದಾರನ ಕಚೇರಿ ಬಾಡಿಗೆ, ಸಿಬ್ಬಂದಿ ಸಂಬಳ ನಡೆಯುತ್ತಲೇ ಇರುತ್ತವೆ. ಇದನ್ನು ಅಂದಾಜಿಸಲು ಹಡ್ಸನ್, ಎಮ್ಡೆನ್, ಐಕ್ಲೇ ಎಂಬ ಮೂರು ಸೂತ್ರಗಳು ಬಳಕೆಯಲ್ಲಿವೆ. ಹಡ್ಸನ್ ಸೂತ್ರವು ಟೆಂಡರಿನಲ್ಲಿ ಸೇರಿಸಿದ ಕಚೇರಿ ವೆಚ್ಚ ಮತ್ತು ಲಾಭದ ಶೇಕಡಾವಾರನ್ನು ಆಧರಿಸುತ್ತದೆ. ಅದನ್ನು ಗುತ್ತಿಗೆಯ ಮೊತ್ತಕ್ಕೆ ಹಾಕಿ, ಗುತ್ತಿಗೆಯ ಅವಧಿಯಿಂದ ಭಾಗಿಸಿ, ವಿಳಂಬದ ಅವಧಿಯಿಂದ ಗುಣಿಸಬೇಕು. ಎಮ್ಡೆನ್ ಸೂತ್ರವು ಟೆಂಡರಿನ ಬದಲು ಸಂಸ್ಥೆಯ ವಾಸ್ತವಿಕ ಲೆಕ್ಕಪತ್ರದ ಶೇಕಡಾವಾರನ್ನು ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಿ ಹುಟ್ಟಿದ ಐಕ್ಲೇ ಸೂತ್ರವು ಸಂಸ್ಥೆಯ ಒಟ್ಟು ಬಿಲ್ಲುಗಳಲ್ಲಿ ಆ ಗುತ್ತಿಗೆಯ ಪಾಲಿಗೆ ತಕ್ಕಂತೆ ಕಚೇರಿ ವೆಚ್ಚವನ್ನು ಹಂಚುತ್ತದೆ.

2006ರ ಮೆಕ್‌ಡರ್ಮಾಟ್ ಇಂಟರ್‌ನ್ಯಾಷನಲ್ ಮತ್ತು ಬರ್ನ್ ಸ್ಟ್ಯಾಂಡರ್ಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಯಾವ ಸೂತ್ರ ಬಳಸಬೇಕೆಂಬುದು ಮಧ್ಯಸ್ಥಗಾರನ ವಿವೇಚನೆಗೆ ಸೇರಿದ್ದೆಂದು ಹೇಳಿತು. ಇದರಿಂದ ಸೂತ್ರವೊಂದಿದ್ದರೆ ಸಾಕು ಎಂಬ ಭಾವನೆ ಕೆಲವರಲ್ಲಿ ಬೆಳೆಯಿತು. 2023ರಲ್ಲಿ ಬಂದ ಎರಡು ತೀರ್ಪುಗಳು ಆ ಭಾವನೆಯನ್ನು ಅಳಿಸಿವೆ. ಬಾಟ್ಲಿಬಾಯ್ ಎನ್ವಿರಾನ್‌ಮೆಂಟಲ್ ಎಂಜಿನಿಯರ್ಸ್ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಪ್ರಕರಣದಲ್ಲಿ ಕಚೇರಿ ವೆಚ್ಚ ಹಾಗೂ ಲಾಭನಷ್ಟವನ್ನು ಲೆಕ್ಕ ಹಾಕಿದ ಕ್ರಮವನ್ನೇ ಪರಿಶೀಲಿಸಿದ ಸರ್ವೋಚ್ಚ ನ್ಯಾಯಾಲಯವು ಐತೀರ್ಪು ರದ್ದಾದುದನ್ನು ಎತ್ತಿಹಿಡಿಯಿತು. ಯೂನಿಬ್ರೋಸ್ ಮತ್ತು ಆಲ್ ಇಂಡಿಯಾ ರೇಡಿಯೋ ಪ್ರಕರಣದಲ್ಲಿ, ವಿಳಂಬದಿಂದ ಕೈತಪ್ಪಿದ ಲಾಭ ಕೇಳುವವನು ಬೇರೆ ಲಾಭದಾಯಕ ಕೆಲಸ ಕೈತಪ್ಪಿತೆಂಬುದಕ್ಕೆ ನಂಬಲರ್ಹ ಸಾಕ್ಷ್ಯ ಒದಗಿಸಬೇಕು, ಬರಿಯ ಸೂತ್ರ ಸಾಲದು ಎಂದಿತು. ಹಡ್ಸನ್ ಸೂತ್ರದ ಒಂದು ಹಳೆಯ ದೋಷವೂ ಇಲ್ಲಿ ಸ್ಮರಣೀಯ: ಗುತ್ತಿಗೆಯ ಮೊತ್ತದಲ್ಲಿ ವೆಚ್ಚ ಮತ್ತು ಲಾಭ ಈಗಾಗಲೇ ಅಡಗಿರುವುದರಿಂದ ಅದರ ಮೇಲೆ ಪುನಃ ಶೇಕಡಾವಾರು ಹಾಕಿದರೆ ಲಾಭದ ಮೇಲೆ ಲಾಭ ಎಣಿಸಿದಂತಾಗುತ್ತದೆ.

ದಂಡ ವಿಧಿಸುವ ಮಾಲೀಕನಿಗೂ ಇದೇ ಶಿಸ್ತು ಅನ್ವಯಿಸುತ್ತದೆ. ಭಾರತೀಯ ಕರಾರು ಅಧಿನಿಯಮ 1872ರ 74ನೆಯ ಕಲಮಿನಂತೆ ದೊರೆಯುವುದು ಗುತ್ತಿಗೆಯಲ್ಲಿ ಬರೆದ ಮೊತ್ತಕ್ಕೆ ಮೀರದ ಯುಕ್ತ ಪರಿಹಾರ. 2015ರ ಕೈಲಾಸ್ ನಾಥ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನಷ್ಟವನ್ನು ಸಾಬೀತುಪಡಿಸಲು ಸಾಧ್ಯವಿರುವೆಡೆ ಸಾಬೀತುಪಡಿಸಲೇಬೇಕೆಂದು ಸ್ಪಷ್ಟಪಡಿಸಿತು. ಶೇ. 5 ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಶೇ. 5 ಕಡಿತ ಮಾಡುವುದು ಕ್ಷೇಮಕರವಲ್ಲ.

ವಿವಾದದ ವೇದಿಕೆಗಳು

ಭಾರತದಲ್ಲಿ ನಿರ್ಮಾಣ ವಿವಾದಗಳ ಮುಖ್ಯ ವೇದಿಕೆ 1996ರ ಕಾಯ್ದೆಯಡಿಯ ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಷನ್. ಗುತ್ತಿಗೆ ನೀಡಿದ ಇಲಾಖೆಯ ಹಿರಿಯ ಎಂಜಿನಿಯರನೇ ಮಧ್ಯಸ್ಥಗಾರನಾಗುತ್ತಿದ್ದ ಹಿಂದಿನ ರೂಢಿಗೆ 2015ರ ತಿದ್ದುಪಡಿ ತಡೆ ಹಾಕಿತು. ಪಕ್ಷದ ನೌಕರನು ಮಧ್ಯಸ್ಥಗಾರನಾಗಲು ಅನರ್ಹ. ಸ್ವತಂತ್ರ ತಾಂತ್ರಿಕ ತಜ್ಞರಿಗೆ ಇದರಿಂದ ಅವಕಾಶ ಹೆಚ್ಚಿದೆ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ 2012ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವೂ ಆರಂಭವಾಯಿತು. ಕೇಂದ್ರ ಸರ್ಕಾರದ ಹಣಕಾಸು ಸಚಿವಾಲಯವು ಜೂನ್ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಸರ್ಕಾರಿ ಖರೀದಿಯ ಗುತ್ತಿಗೆಗಳಲ್ಲಿ ಮಧ್ಯಸ್ಥಿಕೆಯನ್ನು ಸಾಮಾನ್ಯವಾಗಿ ರೂ. 10 ಕೋಟಿಗಿಂತ ಕಡಿಮೆ ಮೌಲ್ಯದ ವಿವಾದಗಳಿಗೆ ಸೀಮಿತಗೊಳಿಸಿ, ರಾಜಿ ಸಂಧಾನಕ್ಕೆ ಒತ್ತು ನೀಡಿದೆ. ರಾಜಿಯ ಮೇಜಿನಲ್ಲಿ ಒಪ್ಪಬಹುದಾದ ಅಂಕಿಯೊಂದು ಮೊದಲೇ ಇರಬೇಕಾದುದರಿಂದ ಅಲ್ಲಿಯೂ ಸರ್ವೇಯರನ ಅಗತ್ಯ ಕುಗ್ಗುವುದಿಲ್ಲ.

ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯ ದಾರಿಯೂ ಇದೆ. ಖರೀದಿದಾರನು ಒಪ್ಪಿದ ಅವಧಿಯೊಳಗೆ, ಅದೂ 45 ದಿನಕ್ಕೆ ಮೀರದಂತೆ, ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಸೇರುತ್ತದೆ. ಗುತ್ತಿಗೆಯಲ್ಲಿ ಮಧ್ಯಸ್ಥಿಕೆಯ ಕಲಮಿದ್ದರೂ ಈ ಕಾಯ್ದೆಯ ಸೌಲಭ್ಯ ಮಂಡಳಿಗೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿದೆ. ಆದರೆ ಸಾಮಗ್ರಿ ಮತ್ತು ಕೂಲಿ ಬೆರೆತ ಕಾಮಗಾರಿ ಗುತ್ತಿಗೆಗಳಿಗೆ ಇದು ಅನ್ವಯಿಸುವುದೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಭಿನ್ನಾಭಿಪ್ರಾಯ ಬಂದಿರುವುದರಿಂದ, ಪೂರೈಕೆಗೂ ಅಳವಡಿಕೆಗೂ ಪ್ರತ್ಯೇಕ ಆದೇಶ ಪಡೆಯುವುದು ಸಾಧ್ಯವಿದ್ದರೆ ಒಳಿತು. ಉದ್ಯಮ್ ನೋಂದಣಿಯೂ ಗುತ್ತಿಗೆಗೆ ಮುಂಚೆಯೇ ಆಗಿರುವುದು ಕ್ಷೇಮ. ವ್ಯಾಪಾರಿಗಳಿಗೆ 2021ರಲ್ಲಿ ದೊರೆತ ಎಂಎಸ್ಎಂಇ ಮಾನ್ಯತೆ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾದದ್ದೆಂಬುದನ್ನು ಮರೆಯುವಂತಿಲ್ಲ.

ಬ್ರಿಟನ್ನಿನಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ 1996ರ ಕಾಯ್ದೆಯೊಂದು 1998ರ ಮೇ ತಿಂಗಳಿಂದ ಜಾರಿಗೆ ತಂದ ಅಡ್ಜುಡಿಕೇಷನ್ ಪದ್ಧತಿಯಲ್ಲಿ ನಿರ್ಣಾಯಕನು ಸಾಮಾನ್ಯವಾಗಿ 28 ದಿನಗಳೊಳಗೆ ತೀರ್ಮಾನ ನೀಡಬೇಕು. ಅಂತಹ ನಿರ್ಣಾಯಕರಲ್ಲಿ ಕ್ವಾಂಟಿಟಿ ಸರ್ವೇಯರುಗಳು ಪ್ರಮುಖರು.

ವೃತ್ತಿಗೆ ಪ್ರವೇಶ

ಸಿವಿಲ್ ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ ಪಡೆದವರಿಗೆ ಈ ದಾರಿ ಸಹಜ. ನಿರ್ಮಾಣ ನಿರ್ವಹಣೆಯ ಶಿಕ್ಷಣಕ್ಕೆ 1983ರಲ್ಲಿ ಆರಂಭವಾದ ನಿಕ್ಮಾರ್ ಸಂಸ್ಥೆ ಪುಣೆಯಲ್ಲಿದೆ; ಚಾರ್ಟರ್ಡ್ ಸರ್ವೇಯರ್ ಸದಸ್ಯತ್ವವನ್ನು ಅನುಭವ ಮತ್ತು ಸಂದರ್ಶನದ ಮೌಲ್ಯಮಾಪನದ ಮೂಲಕ ಪಡೆಯಬಹುದು. ಆದರೆ ವಿವಾದ ಕ್ಷೇತ್ರಕ್ಕೆ ನೇರ ಪ್ರವೇಶವಿಲ್ಲ. ಅಂದಾಜು ಪಟ್ಟಿ, ಸ್ಥಳದ ಅಳತೆ, ಬಿಲ್ಲು, ದರ ವಿಶ್ಲೇಷಣೆ ಇವುಗಳಲ್ಲಿ ಹಲವು ವರ್ಷ ಪಳಗಿದ ಮೇಲೆಯೇ ಹಕ್ಕೊತ್ತಾಯದ ತಯಾರಿಕೆ, ಆಮೇಲೆ ತಜ್ಞ ಸಾಕ್ಷಿಯ ಸ್ಥಾನ, ಕೊನೆಗೆ ಮಧ್ಯಸ್ಥಗಾರನ ಪೀಠ. ಸೆಂಟ್ರಿಂಗ್ ಕಟ್ಟುವುದನ್ನು ಕಣ್ಣಾರೆ ಕಾಣದವನು ಪಾಟೀಸವಾಲಿನಲ್ಲಿ ಹತ್ತು ನಿಮಿಷ ನಿಲ್ಲಲಾರ. ಕರಾರು ಕಾನೂನಿನ ತಿಳಿವಳಿಕೆ, ಕಾಲಪಟ್ಟಿಯ ತಂತ್ರಾಂಶಗಳ ಪರಿಚಯ ಮತ್ತು ಸರಳವಾಗಿ ವರದಿ ಬರೆಯುವ ಶಕ್ತಿ ಇವೂ ಬೇಕು. ಕೊನೆಯದೇ ಹೆಚ್ಚು ವಿರಳ.

ತಜ್ಞ ಸಾಕ್ಷಿಯ ಮೊದಲ ಕರ್ತವ್ಯ ಮಧ್ಯಸ್ಥಿಕೆ ಮಂಡಳಿಗೆ, ಶುಲ್ಕ ಕೊಟ್ಟವನಿಗಲ್ಲ. ಆದುದರಿಂದ ಗೆದ್ದ ಮೊತ್ತದಲ್ಲಿ ಇಷ್ಟು ಪಾಲು ಎಂಬ ಷರತ್ತಿನ ಮೇಲೆ ಸಾಕ್ಷಿ ನುಡಿಯಲು ಒಪ್ಪುವ ತಜ್ಞನಿಂದ ದೂರವಿರುವುದು ಲೇಸು. ಅಂತಹವನ ವರದಿಗೆ ಎದುರು ವಕೀಲನ ಮೊದಲ ಪ್ರಶ್ನೆಯಲ್ಲೇ ಬೆಲೆ ಹೋಗುತ್ತದೆ.

ಸಣ್ಣ ಘಟಕಗಳು ಅನುಸರಿಸತಕ್ಕ ಕ್ರಮ

ಸಣ್ಣ ಘಟಕವೊಂದು ಸರ್ವೇಯರನನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕಾಗಿಲ್ಲ. ಗುತ್ತಿಗೆಗೆ ಸಹಿ ಮಾಡುವ ಮುನ್ನ ಒಮ್ಮೆ, ಅಂತಿಮ ಬಿಲ್ಲು ಸಲ್ಲಿಸುವ ಮುನ್ನ ಒಮ್ಮೆ ಆತನ ಸಲಹೆ ಪಡೆದರೆ ಬಹುಪಾಲು ಸಾಕು. ಉಳಿದದ್ದು ಘಟಕದ ಕೈಯಲ್ಲೇ ಇದೆ. ಮಣ್ಣಿನಡಿ ಅಥವಾ ಗಾರೆಯೊಳಗೆ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಜಂಟಿಯಾಗಿ ಅಳೆದು ಇಬ್ಬರ ಸಹಿ ಪಡೆಯಬೇಕು. ಮಾಲೀಕರು ಫೋನಿನಲ್ಲಿ ಹೇಳಿದ ಹೆಚ್ಚುವರಿ ಕೆಲಸವನ್ನು ಅದೇ ದಿನ "ತಾವು ಇಂದು ತಿಳಿಸಿದಂತೆ" ಎಂದು ಪತ್ರ ಅಥವಾ ಇಮೇಲ್ ಮೂಲಕ ದೃಢೀಕರಿಸಬೇಕು. ಜಾಗ ಒಪ್ಪಿಸದಿದ್ದರೆ ಅದನ್ನು ಅದೇ ವಾರ ಬರೆಯಬೇಕು. ಸಂಬಂಧ ಕೆಡುತ್ತದೆಂಬ ಸಂಕೋಚದಿಂದ ಪತ್ರ ಬರೆಯದೆ ಉಳಿಯುವವರೇ ಹೆಚ್ಚು. ಮರ್ಯಾದೆಯ ಭಾಷೆಯಲ್ಲಿ ಬರೆದ ಎರಡು ಸಾಲಿನಿಂದ ಯಾವ ಸಂಬಂಧವೂ ಕೆಡುವುದಿಲ್ಲ.

"ಪೂರ್ಣ ಹಾಗೂ ಅಂತಿಮ ಪಾವತಿ, ಇನ್ನಾವ ಬೇಡಿಕೆಯೂ ಇಲ್ಲ" ಎಂಬ ಚೀಟಿಗೆ ಸಹಿ ಹಾಕುವಾಗ ವಿಶೇಷ ಎಚ್ಚರ ಅಗತ್ಯ. ಒತ್ತಾಯ ಅಥವಾ ವಂಚನೆಯಿಂದ ಪಡೆದ ಇಂತಹ ಚೀಟಿ ಹಕ್ಕನ್ನು ಅಳಿಸದೆಂದು 2008ರ ಬೋಗಾರ ಪಾಲಿಫ್ಯಾಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆಯಾದರೂ, ಒತ್ತಾಯವನ್ನು ತೋರಿಸಿಕೊಡುವ ಹೊರೆ ಸಹಿ ಮಾಡಿದವನದೇ. ಆಕ್ಷೇಪವಿದ್ದರೆ ತಡಮಾಡದೆ ಬರೆದು ತಿಳಿಸತಕ್ಕದ್ದು.

ಕಾಲಮಿತಿಯ ವಿಷಯದಲ್ಲಿ ಅನೇಕರು ಹಕ್ಕು ಕಳೆದುಕೊಳ್ಳುತ್ತಾರೆ. ಮಾಡಿದ ಕೆಲಸದ ಹಣಕ್ಕೆ ಸಾಮಾನ್ಯ ಮಿತಿ 3 ವರ್ಷ. ನೆನಪೋಲೆಗಳನ್ನು ಕಳುಹಿಸುತ್ತಾ ಹೋದರೆ ಈ ಅವಧಿ ಮುಂದಕ್ಕೆ ಹೋಗದು. ಅವಧಿ ಮುಗಿಯುವ ಮೊದಲು ಬಾಕಿದಾರನು ಸಹಿ ಮಾಡಿ ಬಾಕಿಯನ್ನು ಒಪ್ಪಿಕೊಂಡಿದ್ದರೆ ಮಾತ್ರ ಹೊಸ ಅವಧಿ ಆರಂಭವಾಗುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಮಧ್ಯಸ್ಥಿಕೆ ಕೋರುವ ನೋಟಿಸು ಎದುರಾಳಿಗೆ ತಲುಪಿದ ದಿನವೇ ವ್ಯವಹರಣೆ ಆರಂಭವಾದ ದಿನ.

ಐತೀರ್ಪು ಬಂದ ಮೇಲೂ ಲೆಕ್ಕ ಪರಿಶೀಲಿಸುವ ಕೆಲಸ ಮುಗಿಯುವುದಿಲ್ಲ. ಕೂಡುವ, ಕಳೆಯುವ ತಪ್ಪುಗಳಿದ್ದರೆ ಐತೀರ್ಪು ಕೈಸೇರಿದ 30 ದಿನಗಳೊಳಗೆ ಮಧ್ಯಸ್ಥಿಕೆ ಮಂಡಳಿಯನ್ನೇ ತಿದ್ದುವಂತೆ ಕೋರಬಹುದು. ಐತೀರ್ಪಿನಲ್ಲಿ ಎದ್ದುಕಾಣುವ ಲೆಕ್ಕದ ತಪ್ಪನ್ನು ನ್ಯಾಯಾಲಯವೂ ಸರಿಪಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಏಪ್ರಿಲ್ 2025ರ ಗಾಯತ್ರಿ ಬಾಲಸ್ವಾಮಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಐತೀರ್ಪಿನ ಪ್ರತಿಯನ್ನು ವಕೀಲರಿಗೆ ಕಳುಹಿಸುವ ದಿನವೇ ಸರ್ವೇಯರನಿಗೂ ಒಂದು ಪ್ರತಿ ಕಳುಹಿಸಿದರೆ ಆ 30 ದಿನಗಳು ಸಾಲುತ್ತವೆ.